ಬೆಡ್‌ಸೋರ್ ಖರ್ಚನ್ನು ಒಂದೇ ಹಾಳೆಗೆ ತಂದಾಗ (ನನ್ನ ಅನುಭವ)

ನಾನು ಐಸಿಯು ನರ್ಸ್. ಬೆಡ್‌ಸೋರ್ (ಒಂದೇ ಕಡೆ ಮಲಗಿ ಒತ್ತಡದಿಂದ ಚರ್ಮಕ್ಕೆ ಆಗುವ ಹುಣ್ಣು) ತಡೆಯಲು ಫೋಮ್ ಡ್ರೆಸ್ಸಿಂಗ್ (ಚರ್ಮಕ್ಕೆ ಅಂಟಿಸುವ ಮೆತ್ತನೆಯ ಪಟ್ಟಿ) ಕೇಳಿದಾಗಲೆಲ್ಲ "ತುಂಬಾ ದುಬಾರಿ" ಎಂಬ ಉತ್ತರ ಬರುತ್ತಿತ್ತು. ಅದಕ್ಕೆ ಕಾರಣವೂ ಇದೆ. ತಡೆಯುವ ಖರ್ಚು ಒಂದೇ ಬಿಲ್ಲಿನಲ್ಲಿ ಕಣ್ಣಿಗೆ ಬೀಳುತ್ತದೆ. ಹುಣ್ಣಾದ ಮೇಲಿನ ಖರ್ಚು ಮಾತ್ರ ಚೆದುರಿ ಹೋಗಿರುತ್ತದೆ. ಗಾಜ್ ಸ್ಟೋರ್ ಲೆಕ್ಕದಲ್ಲಿ, ಆಂಟಿಬಯೋಟಿಕ್ ಫಾರ್ಮಸಿಯಲ್ಲಿ, ಸತ್ತ ಚರ್ಮ ತೆಗೆಯುವ ಖರ್ಚು ಆಪರೇಷನ್ ಥಿಯೇಟರಿನಲ್ಲಿ. ಒಟ್ಟು ಎಷ್ಟಾಯಿತು ಎಂದು ಯಾರಿಗೂ ಕಾಣುವುದಿಲ್ಲ.

ಹಾಗಾಗಿ ಹುಣ್ಣಾದ ಪ್ರತಿ ರೋಗಿಯ ಫೈಲಿನಲ್ಲಿ ಒಂದು ಹಾಳೆ ಇಟ್ಟೆ. ಬಳಸಿದ ಸಾಮಾನು, ಔಷಧಿ, ಡ್ರೆಸ್ಸಿಂಗಿಗೆ ನಿಂತವರು ಎಷ್ಟು ಜನ, ಎಷ್ಟು ನಿಮಿಷ, ಎಲ್ಲವನ್ನೂ ಅದರಲ್ಲೇ ಬರೆದೆವು. ಹೆಚ್ಚುವರಿ ದಿನಗಳ ಲೆಕ್ಕದಲ್ಲಿ ಮಾತ್ರ ಕೈ ಬಿಗಿ ಹಿಡಿದೆ. ಹುಣ್ಣಾಗುವವರು ಮೊದಲೇ ಜಾಸ್ತಿ ಕಾಯಿಲೆಯವರು, ಅಲ್ವಾ? ಅವರು ಉಳಿದ ದಿನಗಳನ್ನೆಲ್ಲ ಹುಣ್ಣಿನ ತಲೆಗೆ ಕಟ್ಟಿದರೆ ಲೆಕ್ಕ ಸುಳ್ಳಾಗುತ್ತದೆ. ಗಾಯಕ್ಕಾಗಿಯೇ ಉಳಿಸಿಕೊಂಡಿದ್ದೇವೆ ಎಂದು ಡಾಕ್ಟರ್ ಬರೆದ ದಿನಗಳನ್ನಷ್ಟೇ ಸೇರಿಸಿದೆ. ಅಷ್ಟಕ್ಕೇ ಆಡಳಿತದವರು ನಮ್ಮ ಮಾತು ಕೇಳತೊಡಗಿದರು.

ಮುಂದಿನ ಪ್ರಶ್ನೆ, ಫೋಮ್ ಡ್ರೆಸ್ಸಿಂಗ್ ಯಾರಿಗೆ? ಹುಣ್ಣಾಗುವ ಅಪಾಯ ಅಳೆಯಲು 1987ರಲ್ಲಿ ಬಂದ ಬ್ರೇಡನ್ ಸ್ಕೇಲ್‌ನಲ್ಲಿ 6ರಿಂದ 23ರವರೆಗೆ ಅಂಕ. 18 ಅಥವಾ ಕಡಿಮೆ ಬಂದರೆ ಅಪಾಯ. ಆದರೆ ವೆಂಟಿಲೇಟರ್ ಮೇಲೆ, ಮಂಪರಿನಲ್ಲಿ ಮಲಗಿದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಅದರೊಳಗೆ ಬರುತ್ತಾರೆ. ಅದಕ್ಕೇ ಬಿಪಿ ಏರಿಸುವ ಡ್ರಿಪ್ ಇರುವವರು, ಮಗ್ಗುಲು ಬದಲಿಸಿದರೆ ಬಿಪಿ ಬೀಳುವವರು, ಪದೇಪದೇ ಭೇದಿಯಾಗುವವರು ಮೊದಲು ಎಂದು ನಿರ್ಧರಿಸಿದೆವು. 2015ರ ಸಂಚಿಕೆಯೊಂದರಲ್ಲಿ ಪ್ರಕಟವಾದ ಮೆಲ್ಬರ್ನ್ ಅಧ್ಯಯನ ನಮಗೆ ಧೈರ್ಯ ಕೊಟ್ಟಿತ್ತು. ಅಲ್ಲಿ 440 ರೋಗಿಗಳಲ್ಲಿ ಕೆಲವರಿಗೆ ಬೆನ್ನಿನ ಕೆಳಭಾಗಕ್ಕೂ ಹಿಮ್ಮಡಿಗೂ ಸಿಲಿಕೋನ್ ಫೋಮ್ ಅಂಟಿಸಿದ್ದರು. ಅಂಟಿಸಿದವರಲ್ಲಿ ಹುಣ್ಣು ಸ್ಪಷ್ಟವಾಗಿ ಕಡಿಮೆಯಾಗಿತ್ತು. ಇದನ್ನು ಅಂಚಿನಿಂದ ಎತ್ತಿ, ಚರ್ಮ ನೋಡಿ, ಮತ್ತೆ ಅಂಟಿಸಬಹುದು. ಒಂದು ಡ್ರೆಸ್ಸಿಂಗ್ ಕೆಲವು ದಿನ ಬರುತ್ತದೆ.

ಮಗ್ಗುಲು ಬದಲಿಸುವುದು ಪುಕ್ಕಟೆ ಅಂದುಕೊಳ್ಳುತ್ತಾರೆ. ಖಂಡಿತ ಅಲ್ಲ. ಇಬ್ಬರು, ಕೆಲವೊಮ್ಮೆ ಮೂವರು ಬೇಕು. ಹಾಗಾಗಿ ಸ್ಪಂಜ್, ಡೈಪರ್, ಬೆಡ್‌ಶೀಟ್ ಬದಲಾವಣೆಯನ್ನೆಲ್ಲ ಮಗ್ಗುಲಿನ ಸಮಯಕ್ಕೇ ಜೋಡಿಸಿದೆವು. ಪೂರ್ತಿ ಪಕ್ಕಕ್ಕೆ ತಿರುಗಿಸದೆ 30 ಡಿಗ್ರಿ ಓರೆ ಮಾಡಿ ಬೆನ್ನಿಗೆ ದಿಂಬು ಕೊಟ್ಟೆವು. ಕಾಲಿನ ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ನೋಡಿಕೊಂಡೆವು. ಕೆಂಪಾದ ಜಾಗ ತಿಕ್ಕುವುದನ್ನೂ ರಿಂಗ್ ಕುಶನ್ನನ್ನೂ ನಿಲ್ಲಿಸಿದೆವು. ಎರಡೂ ಕೆಡುಕೇ ಮಾಡುತ್ತವೆ. ಮಾಸ್ಕ್ ಒತ್ತುವ ಮೂಗು, ಟ್ಯೂಬ್ ತಾಗುವ ತುಟಿಯಂಚು ಇವನ್ನು ಪ್ರತಿ ಶಿಫ್ಟಿನಲ್ಲಿ ನೋಡಲೇಬೇಕು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ, ಮುಟ್ಟಿ ಬಿಸಿಯೋ ಗಟ್ಟಿಯೋ ಎಂದು ತಿಳಿಯಬೇಕು.

ನೀವೂ ಶುರುಮಾಡುವುದಾದರೆ ಹಾಳೆಯನ್ನು ಡ್ರೆಸ್ಸಿಂಗ್ ಮುಗಿದ ಕೂಡಲೇ ತುಂಬಿ. ತಿಂಗಳ ಕೊನೆಗೆ ಬಿಟ್ಟರೆ ಸಾಮಾನಿನ ಲೆಕ್ಕ ಹೇಗೋ ಸಿಗುತ್ತದೆ, ನರ್ಸ್‌ಗಳ ನಿಮಿಷಗಳು ಸಿಗುವುದಿಲ್ಲ. ನಮ್ಮ ಹಾಳೆಗಳಲ್ಲಿ ದೊಡ್ಡ ಖರ್ಚು ಅದೇ ಆಗಿತ್ತು.