ಕತ್ತು ನೋವಿನವರ ಕೈಗೆ ಡಂಬೆಲ್ ಕೊಟ್ಟ ನನ್ನ ಅನುಭವ

ಬೆಂಗಳೂರಿನ ವಿಜಯನಗರದ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಈಗ ಕತ್ತು ನೋವು ಅಂತ ಬಂದವರಿಗೆ ಐಎಫ್‌ಟಿ (ನೋವಿನ ಜಾಗಕ್ಕೆ ಕೊಡುವ ಹಗುರ ಕರೆಂಟ್) ಹಚ್ಚುವುದಿಲ್ಲ. ಕತ್ತು ಎಳೆಯುವ ಟ್ರಾಕ್ಷನ್ ಟೇಬಲ್ಲನ್ನು ಅರ್ಧ ಬೆಲೆಗೆ ಮಾರಿ, ಆ ದುಡ್ಡಿನಲ್ಲಿ ಡಂಬೆಲ್ ತಂದೆ. ಆಗ ಹಿರಿಯರೊಬ್ಬರು, "ಏನಮ್ಮಾ, ಕತ್ತು ತಿರುಗಿಸೋಕೆ ಆಗದವರ ಕೈಗೆ ತೂಕ ಕೊಡ್ತೀಯಾ? ಆರು ತಿಂಗಳಲ್ಲಿ ಬಾಗಿಲು ಹಾಕ್ತೀಯ ನೋಡು" ಅಂದಿದ್ದರು. ಈಗ ಅವರೇ ತಮ್ಮ ಪೇಷಂಟ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಇದು ನಿರ್ದಿಷ್ಟ ಕಾರಣ ಸಿಗದ ಕತ್ತು ನೋವಿಗೆ ಮಾತ್ರ. ಕೈಯ ಬಲ ಕುಂದಿದವರು, ನಡೆಯುವಾಗ ತೂರಾಡುವವರು, ಜ್ವರ ಇರುವವರು, ಬಿದ್ದು ಪೆಟ್ಟು ಮಾಡಿಕೊಂಡವರು ಮೊದಲ ದಿನವೇ ಡಾಕ್ಟರ ಹತ್ತಿರ ಹೋಗಬೇಕು. ಉಳಿದವರಲ್ಲಿ ಹೆಚ್ಚಿನವರು ಎಂಆರ್‌ಐ ಕವರ್ ಹಿಡಿದೇ ಬರುತ್ತಾರೆ. ಅದರಲ್ಲಿ ಡಿಸ್ಕ್ ಬಲ್ಜ್ (ಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು) ಅಂತ ಓದಿ ತಲೆ ಅಲುಗಿಸಲೂ ಹೆದರಿರುತ್ತಾರೆ. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ನೋವೇ ಇಲ್ಲದ ಸಾವಿರದ ಇನ್ನೂರಕ್ಕೂ ಹೆಚ್ಚು ಜನರ ಕತ್ತಿಗೆ ಎಂಆರ್‌ಐ ಮಾಡಿದ್ದರು. ಅವರಲ್ಲಿ 87%ಗಿಂತ ಹೆಚ್ಚು ಜನರಿಗೆ ಬಲ್ಜ್ ಇತ್ತು. ಇದನ್ನು ಹೇಳಿ ಅವರ ಭಯ ಇಳಿಸುವುದರಲ್ಲೇ ನನ್ನ ಮೊದಲ ಸೆಷನ್ ಅರ್ಧ ಮುಗಿಯುತ್ತದೆ.

ಮೊದಲ ವರ್ಷ ಸಿಕ್ಕಾಪಟ್ಟೆ ಹೊಡೆತ ತಿಂದೆ. ಅಲ್ಲಿಯವರೆಗೆ ಹತ್ತು ದಿನ ಕರೆಂಟ್, ದಿನಕ್ಕೆ 350 ರೂಪಾಯಿ ಅಂತ ಲೆಕ್ಕ ಸಲೀಸಾಗಿತ್ತು. ಹೊಸ ಪದ್ಧತಿಯಲ್ಲಿ 12 ವಾರಕ್ಕೆ ಏಳೆಂಟು ಭೇಟಿ ಅಷ್ಟೇ. ತಿಂಗಳ ಆದಾಯ ಮೂರನೇ ಒಂದು ಭಾಗ ಬಿತ್ತು, ಬಾಡಿಗೆ ಕಟ್ಟಲು ಎರಡು ಸಲ ಚೀಟಿ ಎತ್ತಿದೆ. "ಮೇಡಂ, ಕರೆಂಟ್ ಕೊಡಲ್ವಾ? ಕೈ ಎತ್ತಿ ಇಳಿಸೋದನ್ನ ಮನೇಲೇ ಮಾಡ್ಕೋತಿದ್ದೆ" ಅಂತ ಮುಖಕ್ಕೇ ಹೇಳಿ ಎದ್ದು ಹೋದವರಿದ್ದಾರೆ. ಮೂರನೇ ದಿನ ಭುಜ ಹಿಡಿದುಕೊಂಡರೆ ಸಾಕು, ನೋವು ಜಾಸ್ತಿಯಾಯಿತು ಅಂತ ಕಟಿಂಗ್ ಶಾಪ್‌ಗೆ ಹೋಗಿ ಕತ್ತಿನ ನೆಟಿಗೆ ತೆಗೆಸಿಕೊಂಡು ಬರುತ್ತಿದ್ದರು. ಹೆಚ್ಚುಕಮ್ಮಿ ಅರ್ಧ ಜನ ಎರಡನೇ ವಾರಕ್ಕೇ ನಾಪತ್ತೆ.

ದಾರಿಗೆ ತಂದದ್ದು ದುಡ್ಡಿನ ಏರ್ಪಾಡು. 12 ವಾರಕ್ಕೆ ಐದು ಸಾವಿರದ ಆಸುಪಾಸು ಮುಂಗಡ ತೆಗೆದುಕೊಳ್ಳುತ್ತೇನೆ, ಕೊನೆಯವರೆಗೆ ಬಂದವರಿಗೆ ಸಾವಿರ ವಾಪಸ್. ಈಗ ಹತ್ತರಲ್ಲಿ ಏಳೆಂಟು ಜನ ಪೂರ್ತಿ ಮುಗಿಸುತ್ತಾರೆ. ಯಾವ ವಾರ ಯಾವ ಜಾಗ ನೋಯುತ್ತದೆ ಎಂದು ಮೊದಲೇ ಬರೆದುಕೊಡುವುದೂ ಕೆಲಸ ಮಾಡಿತು.

ಮೊದಲ ಎರಡು ವಾರ ಕತ್ತಿನ ಆಳದ ಸ್ನಾಯುಗಳಿಗೆ ಮೀಸಲು. ಪ್ರೆಶರ್ ಬಯೋಫೀಡ್‌ಬ್ಯಾಕ್ (ಕತ್ತಿನ ಒತ್ತಡ ಅಳೆಯುವ ಗಾಳಿಚೀಲ) ತರಿಸುವಷ್ಟು ದುಡ್ಡಿರಲಿಲ್ಲ. ಬಿಪಿ ಉಪಕರಣದ ಪಟ್ಟಿಯನ್ನೇ ಮಡಚಿ ಕತ್ತಿನ ಕೆಳಗಿಟ್ಟು 20ಕ್ಕೆ ಏರಿಸಿದೆ. ಅಲ್ಲಿಂದ ಪೇಷಂಟ್ ತಲೆಯನ್ನು ಮೆಲ್ಲಗೆ ಬಾಗಿಸುತ್ತಾ ಎರಡೆರಡು ಪಾಯಿಂಟ್ ಮೇಲೇರಿಸಬೇಕು, 30ರವರೆಗೆ. ಪ್ರತಿ ಹಂತದಲ್ಲೂ 10 ಸೆಕೆಂಡ್ ಹಿಡಿಯಬೇಕು. ಬಹಳ ಜನರಿಗೆ 24ಕ್ಕೇ ಕತ್ತಿನ ಮುಂಬದಿಯ ಸ್ಟರ್ನೊಮಾಸ್ಟಾಯ್ಡ್ ಸ್ನಾಯು ಹಗ್ಗದಂತೆ ಎದ್ದು ನಿಲ್ಲುತ್ತದೆ. 'ಗದ್ದ ಒಳಗೆಳೆಯಿರಿ' ಅಂತ ನಾನು ಹೇಳುವುದಿಲ್ಲ. ಅದರ ಬದಲು ಹೇಳುವ ಮಾತು ಕೈಗೆ ಹತ್ತಲು ವರ್ಷ ಹಿಡಿಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ತೂಕ: ಶ್ರಗ್ (ಭುಜ ಏರಿಸುವುದು), ಲ್ಯಾಟರಲ್ ರೈಸ್ (ಕೈ ಪಕ್ಕಕ್ಕೆ ಎತ್ತುವುದು), ಒಂದು ಕೈಯ ರೋ (ಬಾಗಿ ತೂಕ ಮೇಲಕ್ಕೆಳೆಯುವುದು), ರಿವರ್ಸ್ ಫ್ಲೈ (ಬಾಗಿ ಕೈ ಅಗಲಿಸುವುದು). ವಾರಕ್ಕೆ ಮೂರು ದಿನ. ಮೊದಮೊದಲು ಎಂಟು ವ್ಯಾಯಾಮದ ಹಾಳೆ ಕೊಡುತ್ತಿದ್ದೆ, ಅದು ಫ್ರಿಜ್ ಮೇಲೆಯೇ ಉಳಿಯಿತು. ನಾಲ್ಕಕ್ಕೆ ಇಳಿಸಿದ ಮೇಲೆ ಮಾಡತೊಡಗಿದರು. ಅಗ್ಗದ ರಬ್ಬರ್ ಬ್ಯಾಂಡ್‌ಗಳು ತಿಂಗಳೊಳಗೆ ಹರಿದವು, ಅವಕ್ಕೆ ಹಾಕಿದ ನಾಲ್ಕೈದು ಸಾವಿರ ನೀರಿನಲ್ಲಿ ಹೋಮ.

ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವ ಅಕ್ಕ ಒಬ್ಬರು ಬಂದಿದ್ದರು. ಡಂಬೆಲ್ ಕೊಳ್ಳುವ ಮಾತೇ ಇಲ್ಲ. ಎರಡು ಬಟ್ಟೆ ಚೀಲಕ್ಕೆ ರಾಗಿ ಅಳೆದು ಹಾಕಿ, ಕೈಗೊಂದು ಹಿಡಿದು, ಅಡುಗೆಮನೆ ಕಟ್ಟೆಯ ಪಕ್ಕ ನಿಂತು ಭುಜ ಏರಿಸುತ್ತಿದ್ದರು. ವಾರಕ್ಕೊಮ್ಮೆ ಒಂದು ಲೋಟ ರಾಗಿ ಜಾಸ್ತಿ. ಎರಡು ಕೆಜಿಯಿಂದ ಆರರವರೆಗೆ ಹೋದರು. ಅವರ ಎನ್‌ಡಿಐ (ಕತ್ತು ನೋವು ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಎಂದು ಅಳೆಯುವ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು) ಐವತ್ತಕ್ಕೆ ಇಪ್ಪತ್ತೈದರ ಹತ್ತಿರ ಇತ್ತು, ಮೂರು ತಿಂಗಳಿಗೆ ಎಂಟೋ ಒಂಬತ್ತೋ ಆಗಿತ್ತು. ಓವರ್‌ಟೈಮ್ ದಿನವೂ ಮಾತ್ರೆ ಇಲ್ಲದೆ ಕೂರುತ್ತೇನೆ ಅಂತ ಅವರು ಹೇಳಿದಾಗ ಆದ ಖುಷಿ ದೊಡ್ಡದು.

ನಡುವೆ ದಿಂಬಿನ ಪ್ರಯೋಗವೂ ಮಾಡಿದೆ: ತೆಳ್ಳಗಿನದು, ದಪ್ಪದ್ದು, ಸುತ್ತಿದ ಟವೆಲ್. ಯಾವುದು ಹಿತವೋ ಅದೇ ಸರಿ ಅನ್ನುವುದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಕಿನೀಸಿಯೊ ಟೇಪ್ (ಚರ್ಮಕ್ಕೆ ಅಂಟಿಸುವ ಹಿಗ್ಗುವ ಪಟ್ಟಿ) ಎರಡು ದಿನ ಹಗುರ ಅನ್ನಿಸುತ್ತದೆ, ಖರ್ಚಿಗೆ ತಕ್ಕದ್ದಲ್ಲ.

ತೂಕದ ದಾರಿ ನಾನು ಹುಟ್ಟುಹಾಕಿದ್ದಲ್ಲ. 2003ರಲ್ಲೇ ಫಿನ್ಲೆಂಡಿನವರು ಕಚೇರಿ ಕೆಲಸದ 180 ಹೆಂಗಸರ ಮೇಲೆ ವರ್ಷವಿಡೀ ಅಧ್ಯಯನ ಮಾಡಿ, ವ್ಯಾಯಾಮ ಮಾಡಿದವರ ನೋವು ಇಳಿದದ್ದನ್ನು ತೋರಿಸಿದ್ದರು. 2011ರಲ್ಲಿ ಡೆನ್ಮಾರ್ಕ್‌ನವರು ಎಲಾಸ್ಟಿಕ್ ಟ್ಯೂಬಿನಿಂದ ದಿನಕ್ಕೆ ಬರೀ 2 ನಿಮಿಷ, 10 ವಾರ ಮಾಡಿಸಿ ನೋವು ಇಳಿಸಿದ್ದರು. ಆ ಎರಡು ನಿಮಿಷವನ್ನು ಅಕ್ಕನ ಗಾರ್ಮೆಂಟ್ಸ್‌ನ ಊಟದ ಬಿಡುವಿನಲ್ಲಿ ಮಾಡಿಸಬೇಕು ಅಂತ ಸೂಪರ್‌ವೈಸರ್ ಹತ್ತಿರ ಮಾತಾಡಿದ್ದೇನೆ. ಒಂದು ಲೈನಿನವರಿಂದ ಶುರು ಮಾಡಲು ಒಪ್ಪಿದ್ದಾರೆ, ಈ ಸಲ ಗಟ್ಟಿ ಟ್ಯೂಬನ್ನೇ ತರಿಸಿದ್ದೇನೆ.