ದೋಣಿಯಲ್ಲೇ ಸೇರಬೇಕಾದ ಕಡಲಂಚಿನ ಕ್ಯಾಬಿನ್: ನನ್ನ ಅನುಭವ

ರಸ್ತೆಯಿಲ್ಲದ ಕಡಲಂಚಿನ ಕ್ಯಾಬಿನ್‌ಗೆ ಹೊರಡುವಾಗ ನಾನು ಮೊದಲು ಗೊತ್ತುಮಾಡಿಕೊಳ್ಳುವುದು ವಾಪಸು ಬರುವ ದಿನವನ್ನು. ಹೋಗುವ ದಿನ ಹವೆ ಕೆಟ್ಟರೆ ಮನೆಯಲ್ಲೇ ಕೂರಬಹುದು. ಬರುವ ದಿನ ಕೆಟ್ಟರೆ ಅಲ್ಲೇ ಕೂರಬೇಕು. ಹಾಗಾಗಿ ಮೂರು ರಾತ್ರಿಯ ವಾಸಕ್ಕೆ ಆರು ದಿನದ ನೀರು, ಊಟ, ಔಷಧಿ. ವಾಪಸಾದ ಮರುದಿನಕ್ಕೆ ತಪ್ಪಿಸಲಾಗದ ಕೆಲಸ ಇಟ್ಟುಕೊಳ್ಳುವುದಿಲ್ಲ. ಅಂಥದ್ದು ತಲೆಯಲ್ಲಿದ್ದರೆ ಹೊರಡಬಾರದ ಗಾಳಿಯಲ್ಲೂ ಹಗ್ಗ ಬಿಚ್ಚುವ ಮನಸ್ಸಾಗುತ್ತದೆ.

ಆಮೇಲೆ ಉಬ್ಬರ ಇಳಿತದ ಪಟ್ಟಿ. ದಿನಕ್ಕೆರಡು ಸಲ ಉಬ್ಬರ ಬರುವ ಕಡೆ ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇವತ್ತು ಬೆಳಿಗ್ಗೆ 8ಕ್ಕೆ ತುಂಬಿದ ನೀರು ನಾಳೆ ತುಂಬುವುದು 8.50ರ ಆಸುಪಾಸಿಗೆ; ನಾಲ್ಕು ದಿನ ಕಳೆಯುವಷ್ಟರಲ್ಲಿ ಮೂರು ಗಂಟೆಗೂ ಹೆಚ್ಚು ಜಾರಿರುತ್ತದೆ. ಬಂದ ಹೊತ್ತಿಗೇ ಹೊರಟರಾಯಿತು ಎಂದುಕೊಂಡವರು ಕೆಸರಿನಲ್ಲಿ ದೋಣಿ ಎಳೆಯಬೇಕಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನ ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಗುರುತಿಲ್ಲದ ಜಾಗವಾದರೆ ಅಷ್ಟಮಿಯ ಕಡೆಯ ದಿನಗಳೇ ವಾಸಿ.

ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಟ್ಟು ಇಳಿತವನ್ನು 12 ಪಾಲು ಮಾಡಿದರೆ ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ ಎಂಬುದು ದೋಣಿಯವರ ಅಂದಾಜು ಲೆಕ್ಕ. ಒಟ್ಟು 3 ಮೀಟರ್ ಇಳಿಯುವ ಕಡೆ ಮೊದಲ ಗಂಟೆ 25 ಸೆಂ.ಮೀ., ಮೂರನೆಯ ಗಂಟೆ 75 ಸೆಂ.ಮೀ. ಪ್ರತಿ 20 ಮೀಟರ್‌ಗೆ 1 ಮೀಟರ್ ತಗ್ಗುವ ಮರಳದಂಡೆಯಲ್ಲಿ ಆ 75 ಸೆಂ.ಮೀ. ಎಂದರೆ ನೀರಿನ ಅಂಚು ಒಂದೇ ಗಂಟೆಯಲ್ಲಿ 15 ಮೀಟರ್ ಹಿಂದಕ್ಕೆ ಹೋಯಿತು ಎಂದರ್ಥ. ಎರಡು ಸಲ ಸಾಮಾನು ಹೊತ್ತು ಬರುವಷ್ಟರಲ್ಲಿ ದೋಣಿ ಮರಳ ಮೇಲೆ ಕೂತಿರುತ್ತದೆ. ಅದಕ್ಕೇ ದಡ ಸೇರುವುದನ್ನು ಉಬ್ಬರ ತುಂಬುವುದಕ್ಕೆ ಒಂದೂವರೆ ಗಂಟೆ ಮುಂಚೆಗೆ ಇಟ್ಟುಕೊಳ್ಳುತ್ತೇನೆ. ತಳ ತಾಗಿದರೂ ಏರುವ ನೀರೇ ಎತ್ತಿಕೊಡುತ್ತದೆ, ಹೊರುವ ದೂರವೂ ಕಡಿಮೆ.

ಗಾಳಿಯ ವಿಷಯದಲ್ಲಿ ಒಂದೇ ಮಾತು: ಅಳಿವೆ ಬಾಯಲ್ಲಿ ಇಳಿತದ ನೀರು ಹೊರಕ್ಕೆ ಹರಿಯುವಾಗ ಗಾಳಿ ಒಳಕ್ಕೆ ಬೀಸುತ್ತಿದ್ದರೆ ದಾಟಬೇಡಿ. ಅದೇ ಗಾಳಿಗೆ ಬೇರೆ ಹೊತ್ತಿನಲ್ಲಿ ಸುಮ್ಮನಿರುವ ನೀರು ಆಗ ಕಡಿದಾದ, ಒತ್ತೊತ್ತಾದ ಅಲೆಗಳಾಗಿ ಏಳುತ್ತದೆ. ಇಂಧನ ಮೂರು ಪಾಲು: ಹೋಗಲು ಒಂದು, ಬರಲು ಒಂದು, ಮೂರನೆಯದು ಮುಟ್ಟಬಾರದ್ದು. ಲೈಫ್ ಜಾಕೆಟ್ ಇರಬೇಕಾದ್ದು ಮೈಮೇಲೆ, ಸೀಟಿನ ಕೆಳಗಲ್ಲ.

ದೋಣಿಯನ್ನು ರಾತ್ರಿ ಎಲ್ಲಿ ಇಡುವುದು ಎಂಬುದೇ ನಿಜವಾದ ತಲೆನೋವು. ಲಂಗರು ಹಾಕುವುದಾದರೆ ಹಗ್ಗದ ಲೆಕ್ಕ ಈಗಿನ ಆಳಕ್ಕಲ್ಲ, ಉಬ್ಬರ ತುಂಬಿದಾಗಿನ ಆಳಕ್ಕೆ. ಈಗ 2 ಮೀಟರ್ ನೀರು, ಇನ್ನೂ ಏರುವುದು 2 ಮೀಟರ್, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್, ಒಟ್ಟು 5. ಅದರ ಐದು ಪಟ್ಟು 25 ಮೀಟರ್ ಹಗ್ಗ ಬಿಡಬೇಕು, ಗಾಳಿಯಿದ್ದರೆ ಏಳು ಪಟ್ಟು, 35 ಮೀಟರ್. ಗಿಡ್ಡ ಹಗ್ಗ ಲಂಗರನ್ನು ಮೇಲಕ್ಕೆ ಎಳೆಯುತ್ತದೆ; ಅಡ್ಡಕ್ಕೆ ಎಳೆದರೆ ಮಾತ್ರ ಅದು ನೆಲ ಕಚ್ಚುವುದು. ಲಂಗರಿಗೂ ಹಗ್ಗಕ್ಕೂ ನಡುವೆ ಕೆಲವು ಮೀಟರ್ ಸರಪಳಿ ಇರುವುದೂ ಇದಕ್ಕೇ.

ಹಗುರ ದೋಣಿಗೆ ಇದಕ್ಕಿಂತ ಒಳ್ಳೆಯದು ಸುತ್ತು ಹಗ್ಗ. ನೀರು ಪೂರ್ತಿ ಇಳಿದಾಗಿನ ಅಂಚಿನಿಂದ ಹತ್ತು ಮೀಟರ್ ಆಚೆ ಭಾರದ ಲಂಗರು, ಅದಕ್ಕೆ ತೇಲುಬುರುಡೆ, ಬುರುಡೆಯ ಬುಡದಲ್ಲಿ ಒಂದು ರಾಟೆ. ರಾಟೆಯೊಳಗಿಂದ ಹಾಯಿಸಿದ ಹಗ್ಗದ ಎರಡೂ ತುದಿಗಳನ್ನು ದಡಕ್ಕೆ ತಂದು ಗಂಟು ಹಾಕಿದರೆ ಬಟ್ಟೆ ಒಣಹಾಕುವ ರಾಟೆ ಹಗ್ಗದ ಹಾಗೆ ಸುತ್ತುತ್ತದೆ. ದೋಣಿಯ ಮೂತಿಯನ್ನು ಅದಕ್ಕೆ ಕಟ್ಟಿ ಎಳೆದರೆ ಆಳಕ್ಕೆ ಹೋಗುತ್ತದೆ, ಬೇಕಾದಾಗ ಇನ್ನೊಂದು ಎಳೆ ಜಗ್ಗಿದರೆ ದಡಕ್ಕೆ ಬರುತ್ತದೆ. ದೂರ 50 ಮೀಟರ್ ಆದರೆ ಹಗ್ಗ 100 ಮೀಟರ್, ಗಂಟಿಗೂ ಸಡಿಲಿಗೂ ಇನ್ನು ಹತ್ತು. ಇದು ಕೈಕೊಡುವುದು ಸಾಮಾನ್ಯವಾಗಿ ಎರಡೂ ಎಳೆ ಒಂದಕ್ಕೊಂದು ಹೊಸೆದುಕೊಂಡು. ದಡದಲ್ಲಿ ಒಂದೇ ಮರಕ್ಕೆ ಕಟ್ಟದೆ, ಎರಡು ಮೀಟರ್ ಅಂತರದ ಎರಡು ಗೂಟಗಳ ಸುತ್ತ ಹಾಯಿಸಿದರೆ ಆ ಕಾಟ ಬಹುಪಾಲು ತಪ್ಪುತ್ತದೆ. ಬಂಡೆಗೆ ಉಜ್ಜುವ ಕಡೆ ಹಳೆಯ ನೀರಿನ ಪೈಪಿನ ತುಂಡು ತೊಡಿಸಿ. ಪಾಚಿ ರಾಟೆಗೆ ಸಿಕ್ಕಿಕೊಳ್ಳುವುದರಿಂದ ದಿನಕ್ಕೊಮ್ಮೆ ಆಡಿಸಿ ನೋಡುವುದು ಒಳ್ಳೆಯದು.

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ನೀರು ಹಿಡಿದರೆ ಇಬ್ಬರಿಗೆ ಆರು ದಿನಕ್ಕೆ 48 ಲೀಟರ್. 20 ಲೀಟರಿನ ದೊಡ್ಡ ಕ್ಯಾನ್ ಬೇಡ. ಜಾರುವ ಬಂಡೆಯ ಮೇಲೆ 20 ಕಿಲೋ ಒಂದೇ ಕೈಯಲ್ಲಿ ಹೊರಲಾಗದು, ಒಡೆದರೆ ಅಷ್ಟೂ ಹೋಯಿತು. ಹತ್ತು ಲೀಟರಿನವು ಐದು ಸಾಕು. ದೋಣಿಯಲ್ಲಿ ಅವುಗಳ ಜಾಗ ನಡುಮಧ್ಯೆ, ತಳಕ್ಕೆ ತಾಗಿ. ಪಾತ್ರೆ ತೊಳೆಯಲು, ಸ್ನಾನಕ್ಕೆ ಮಳೆನೀರು: ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 20 ಚದರ ಮೀಟರ್ ತಗಡಿನ ಮಾಡಿಗೆ 10 ಮಿ.ಮೀ. ಮಳೆ ಬಂದರೆ ಲೆಕ್ಕಕ್ಕೆ 200 ಲೀಟರ್, ಡ್ರಮ್ಮಿಗೆ ಸೇರುವುದು ಅದಕ್ಕಿಂತ ಕಡಿಮೆ. ಹಕ್ಕಿ ಹಿಕ್ಕೆ, ಉಪ್ಪು ತೊಳೆದುಕೊಂಡು ಬರುವ ಮೊದಲ ನೀರನ್ನು ಹರಿಯಬಿಡಬೇಕು. ಡ್ರಮ್ಮಿನ ಮಳೆನೀರನ್ನೇ ಕುಡಿಯಬೇಕಾಗಿ ಬಂದರೆ ಒಂದು ನಿಮಿಷ ಕೊತಕೊತ ಕುದಿಸಬೇಕು. ಕ್ಯಾಬಿನ್ ಪಕ್ಕದ ಬಾವಿ ಸಪ್ಪೆಯಾಗಿದ್ದರೂ ಒಂದೇ ಸಮನೆ ಸೇದಬಾರದು: ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ, ಹೆಚ್ಚು ಎತ್ತಿದಷ್ಟೂ ಕೆಳಗಿನ ಉಪ್ಪು ಮೇಲೇರುತ್ತದೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ.

ಊಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೇಗ ಬೇಯುವುದು, ನೀರು ಕಡಿಮೆ ಬೇಡುವುದು, ಇಲಿ ಕೊರೆಯಲಾಗದ ಗಟ್ಟಿ ಮುಚ್ಚಳದ ಡಬ್ಬಿ.

ಕಟ್ಟಿಗೆ ಒಲೆಗೆ ಕಡಲು ತಂದು ಹಾಕಿದ ಮರ ಪುಕ್ಕಟೆ ಸಿಗುತ್ತದೆ, ಆದರೆ ಹಾಕಬೇಡಿ. ಅದರಲ್ಲಿ ಹೀರಿಕೊಂಡ ಉಪ್ಪು ಒಲೆಯ ಕಬ್ಬಿಣವನ್ನೂ ಹೊಗೆಕೊಳವೆಯನ್ನೂ ತಿನ್ನುತ್ತದೆ, ಹೊಗೆಯೂ ವಿಷಕಾರಿ. ಹಚ್ಚುವ ಮೊದಲು ಕೊಳವೆಯಲ್ಲಿ ಹಕ್ಕಿಗೂಡು ಇಲ್ಲವೆಂದು ನೋಡಿ. ಮಲಗುವ ಕೋಣೆಯಲ್ಲಿ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು, ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲದ ಸಿಲಿಂಡರಿನ ಕೀಲುಗಳಿಗೆ ಉಪ್ಪುಗಾಳಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಸೋಪಿನ ನೀರು ಸವರಿ ಗುಳ್ಳೆ ಬಂದರೆ ಬಳಸಬೇಡಿ. ದೋಣಿಯಲ್ಲಿ ಅದನ್ನು ನಿಲ್ಲಿಸಿಯೇ ಒಯ್ಯಬೇಕು, ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲೇ ಕೂರುತ್ತದೆ.

ಒಣ ಶೌಚಾಲಯವಾದರೆ ಪ್ರತಿ ಸಲವೂ ಎರಡು ಬೊಗಸೆ ಮರದ ಹೊಟ್ಟು. ನಾತ ಬರುತ್ತಿದೆ ಎಂದರೆ ಹೊಟ್ಟು ಸಾಲದು, ಇಲ್ಲವೇ ಮೂತ್ರ ಹೆಚ್ಚು ಸೇರುತ್ತಿದೆ.

ಫೋನ್ ಸಿಗ್ನಲ್ ನಂಬಿ ಹೋಗುವ ಜಾಗವಲ್ಲ ಇದು. ಹುಡುಕಿ ಹುಡುಕಿ ಬ್ಯಾಟರಿ ಬರಿದಾಗದಂತೆ ಏರೋಪ್ಲೇನ್ ಮೋಡ್‌ನಲ್ಲಿಡುತ್ತೇನೆ. ಜೊತೆಗೆ ನೀರು ತಾಳುವ ವಿಎಚ್‌ಎಫ್ ರೇಡಿಯೊ. ಅಪಾಯದ ಕರೆಗೆ 16ನೆಯ ಚಾನೆಲ್. ಅದರ ಅಲೆ ನೇರಕ್ಕೆ ಹೋಗುವುದರಿಂದ ಗುಡ್ಡದ ಮರೆಯ ಕ್ಯಾಬಿನ್‌ನಿಂದ ಕೇಳಿಸದೆ ಹೋಗಬಹುದು. ಬಂದ ದಿನವೇ ಎತ್ತರದ ಜಾಗವೊಂದನ್ನು ನೋಡಿಟ್ಟುಕೊಳ್ಳಬೇಕು. ಊರಿನಲ್ಲಿ ಒಬ್ಬರ ಕೈಯಲ್ಲಿ ಚೀಟಿ: ಜಾಗ, ದೋಣಿಯ ಬಣ್ಣ, ಎಷ್ಟು ಜನ, ಯಾವ ದಿನ ಯಾವ ಹೊತ್ತಿನ ತನಕ ಸುದ್ದಿ ಬರದಿದ್ದರೆ ಕರಾವಳಿ ರಕ್ಷಣೆಯವರಿಗೆ ತಿಳಿಸಬೇಕು ಎಂಬುದು. ಹವೆ ಕೆಟ್ಟು ಉಳಿಯಬಹುದಾದ ಎರಡು ದಿನವನ್ನೂ ಅದರಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಸುಮ್ಮನೆ ಹುಡುಕಾಟ ಶುರುವಾಗುತ್ತದೆ.

ಹೊರಡುವ ಹಿಂದಿನ ಸಂಜೆಯೇ ಒಲೆ ಆರಿಸುತ್ತೇನೆ, ಬೆಳಗಿನ ಚಹಾಕ್ಕೆ ಅನಿಲವಿದೆ. ಬೂದಿಯೊಳಗೆ ಕೆಂಡ ಒಂದೆರಡು ದಿನವೂ ಜೀವ ಹಿಡಿದಿರುವುದುಂಟು. ಆದ್ದರಿಂದ ಬೂದಿ ತಗಡಿನ ಬಕೆಟ್ಟಿಗೆ, ಅದರ ಮೇಲೆ ನೀರು, ಬಕೆಟ್ಟು ಕಲ್ಲಿನ ಮೇಲೆ, ಹಲಗೆ ನೆಲದ ಮೇಲಲ್ಲ. ಡ್ರಮ್ಮಿನ ನಲ್ಲಿ ಮುಚ್ಚಿ, ಸಿಲಿಂಡರ್ ತಿರುಪು ಬಿಗಿದು, ಹಿತ್ತಾಳೆ ಬೀಗಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಕೀಲಿ ಹಾಕುವುದು.