ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ಎಣಿಸಲು ಬರುವವರಿಗೆ

2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೆ, ಸೇರಿದ ಅಘನಾಶಿನಿ ಅಳಿವೆಗೆ ಜನವರಿಯ ನೀರುಹಕ್ಕಿ ಗಣತಿಗೆಂದು ಸ್ವಯಂಸೇವಕರಾಗಿ ಬರುವವರು ಮೊದಲು ಉಬ್ಬರ-ಇಳಿತದ ವೇಳೆಯನ್ನು ನೋಡಿಕೊಳ್ಳಬೇಕು. ಪೂರ್ಣ ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿನಲ್ಲಿ ಚದುರಿ ಬರೀ ಚುಕ್ಕಿಗಳಂತೆ ಕಾಣುತ್ತವೆ. ನೀರು ಏರತೊಡಗಿದಂತೆ ಮೇಯುವ ಜಾಗ ಕಿರಿದಾಗಿ ಅವು ತಾವಾಗಿಯೇ ದಡದತ್ತ ಸರಿಯುವುದರಿಂದ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮರೆಯಲ್ಲಿ ಕದಲದೆ ಕುಳಿತವರಿಗೆ ಕರ್ಲ್ಯೂ ಎಂಬ ಕೆಸರುಹಕ್ಕಿ ತನ್ನ ಬಾಗಿದ ಉದ್ದ ಕೊಕ್ಕನ್ನು ಬಿಲಕ್ಕೆ ಇಳಿಸಿ ಏಡಿಯನ್ನು ಎಳೆಯುವುದೂ ಕಾಣಸಿಗುತ್ತದೆ. ಉಬ್ಬರವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇದನ್ನು ಮರೆತು ನಾನೊಮ್ಮೆ ಬರಿಗೆಸರು ನೋಡುತ್ತ ಕುಳಿತದ್ದುಂಟು. ಕೆಸರಿಗೆ ಇಳಿಯಲೇಬೇಕಾದರೆ ಬಳಚು (ಚಿಪ್ಪುಜೀವಿ) ಹೆಕ್ಕುವವರ ಜಾಡಿನಲ್ಲೇ ನಡೆಯಿರಿ, ಇಲ್ಲವಾದರೆ ಕಾಲು ಮೊಣಕಾಲವರೆಗೆ ಹೂತುಕೊಳ್ಳುತ್ತದೆ. ವಿಶ್ರಮಿಸುತ್ತಿರುವ ಹಿಂಡನ್ನು ಫೋಟೋಕ್ಕಾಗಿ ಎಬ್ಬಿಸಬೇಡಿ. ಎದ್ದ ಹಿಂಡು ಬೇರೆಡೆ ಇಳಿದರೆ ಅದೇ ಹಕ್ಕಿಗಳು ಎರಡು ಬಾರಿ ಲೆಕ್ಕಕ್ಕೆ ಬರುತ್ತವೆ.